ಅವಳ ಹೆಗಲಿಗೆ ಆ ಹೊರೆ ಬೇಡ

ಮಗೂ, ಡೊಂಬಿವಲಿಯ ರೂಮು ಬಿಟ್ಟು ವಸಾಯಿಗೆ, ಅಲ್ಲಿಂದ ಪನ್ವೇಲಿಗೆ ಅಲೆದವನು ನೀನು. ಒಂದು ಕೆಲಸದಲ್ಲೂ ಕಾಲೂರಲಿಲ್ಲ. ಈಗ ಆ ಹುಡುಗಿಯಿಂದಾಗಿ ನೆಲೆ ನಿಲ್ಲುವ ಮಾತಾಡುತ್ತಿದ್ದೀಯ, ತುಂಬ ಸಂತೋಷ. ಆದರೆ "ಇನ್ನು ನನ್ನನ್ನು ಅವಳೇ ಸರಿಮಾಡುತ್ತಾಳೆ" ಎಂದೆಯಲ್ಲ, ಅದು ನನಗೆ ಹಿಡಿಸಲಿಲ್ಲ.

ಸಿನಿಮಾ ನಿರ್ದೇಶಕ ಗುರುದತ್ತರನ್ನು ನೋಡು. 1925ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗ. ಕಲ್ಕತ್ತೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ, ಅಲ್ಮೋರದಲ್ಲಿ ಉದಯಶಂಕರರ ಬಳಿ ನೃತ್ಯ, ಪುಣೆಯಲ್ಲಿ ಪ್ರಭಾತ್ ಕಂಪನಿ, ಕೊನೆಗೆ ಮುಂಬೈಯ ಮಾಟುಂಗದ ಮನೆಯಲ್ಲಿ ಕೆಲಸವಿಲ್ಲದ ತಿಂಗಳುಗಳು. 1951ರ 'ಬಾಜಿ'ಯ ಹಾಡಿನ ರೆಕಾರ್ಡಿಂಗ್‌ನಲ್ಲಿ ಗೀತಾ ರಾಯ್ ಸಿಕ್ಕರು. ಗುರುದತ್ತರಿಗೆ ಅದು ನಿರ್ದೇಶಕನಾಗಿ ಮೊದಲ ಚಿತ್ರ. ಆಕೆ ಆಗಲೇ ಹೆಸರಾಂತ ಗಾಯಕಿ. ಅಂಥ ಗೀತಾ ದೊಡ್ಡ ಕಾರಿನಲ್ಲಿ ಬಂದಿಳಿದು, ಮಾಟುಂಗದ ಆ ಪುಟ್ಟ ಮನೆಯ ಅಡುಗೆಕೋಣೆಯಲ್ಲಿ ಕೂತು ತರಕಾರಿ ಹೆಚ್ಚಿಕೊಡುತ್ತಿದ್ದರೆಂದು ಗುರುದತ್ತರ ತಂಗಿ, ಚಿತ್ರಕಲಾವಿದೆ ಲಲಿತಾ ಲಾಜ್ಮಿ ನೆನೆಯುತ್ತಿದ್ದರು. ಅಷ್ಟು ಪ್ರೀತಿ! 1953ರ ಮೇ ತಿಂಗಳಲ್ಲಿ ಮದುವೆ. ಆಮೇಲೆ 'ಆರ್ ಪಾರ್', 'ಪ್ಯಾಸಾ', 'ಕಾಗಜ್ ಕೆ ಫೂಲ್'. ಇವುಗಳಲ್ಲೆಲ್ಲ ಗೀತಾರ ಕಂಠ.

ಪ್ರೀತಿ ಗುರುದತ್ತರ ಕಾಲನ್ನು ಮುಂಬೈಯಲ್ಲಿ ಕಟ್ಟಿಹಾಕಿತು. ಒಳಗಿನ ತಳಮಳ ಮಾತ್ರ ಹಾಗೇ ಉಳಿಯಿತು. ಗಂಡ ಹೆಂಡತಿ ಬೇರೆಯಾದರು. 1964ರ ಅಕ್ಟೋಬರ್ 10ರಂದು, ಪೆಡ್ಡರ್ ರೋಡಿನ ಮನೆಯಲ್ಲಿ ಗುರುದತ್ತ ಒಬ್ಬರೇ ಇದ್ದಾಗ ತೀರಿಹೋದರು. ಬರೀ 39 ವರ್ಷ. ಗೀತಾ 1972ರಲ್ಲಿ ಹೋದರು, 41ಕ್ಕೆ. ತಾಯಿ ವಾಸಂತಿ ಪಡುಕೋಣೆ ಕನ್ನಡದಲ್ಲೇ 'ನನ್ನ ಮಗ ಗುರುದತ್ತ' ಬರೆದಿದ್ದಾರೆ, ಓದು. ತಪ್ಪು ಯಾರದೆಂದು ತೂಗಿ ನೋಡುವ ಹಕ್ಕು ನಮಗಿಲ್ಲ. ಆದರೆ ಇಬ್ಬರೂ ಮನಸಾರೆ ಪ್ರೀತಿಸಿದವರೇ, ಪ್ರೀತಿಯೊಂದೇ ಸಾಲಲಿಲ್ಲ ಎಂಬುದು ನಿನಗೆ ತಿಳಿದಿರಲಿ.

ಆದ್ದರಿಂದ ಮನಸ್ಸು ಕೆಟ್ಟ ದಿನ ಲೋಕಲ್ ಹತ್ತಿ ಎಲ್ಲೋ ಹೋಗಿ ಕೂರಬೇಡ, ಫೋನ್ ಸ್ವಿಚ್ ಆಫ್ ಮಾಡಬೇಡ. "ಇವತ್ತು ಯಾಕೋ ಸರಿಯಿಲ್ಲ" ಎಂದು ಅವಳಿಗೆ ಬಾಯಿಬಿಟ್ಟು ಹೇಳು. ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗು. ನಾಚಿಕೆ ಪಡುವ ವಿಷಯವಲ್ಲ ಅದು. ಅವಳ ಕೆಲಸ, ಅವಳ ಆಸೆ ಯಾವುದನ್ನೂ ನಿನ್ನ ನೆಮ್ಮದಿಗಾಗಿ ಬಿಡಿಸಬೇಡ. ಮದುವೆಯ ದಿನ ಗೊತ್ತುಮಾಡುವ ಮೊದಲು ನಿನ್ನ ಈ ಚಡಪಡಿಕೆಯನ್ನೆಲ್ಲ ಅವಳ ಮುಂದೆ ಹೇಳಿಕೋ. ಈ ಭಾನುವಾರವೇ ಹೇಳಿಬಿಡು, ಮಗೂ.