ಶೋಧಕರ ಮನೆತನವೂ ಪೇಟೆಂಟಿನ ಆಯುಷ್ಯವೂ

ಮನೆತನದಲ್ಲಿ ಹೆಸರಾಂತ ಶೋಧಕರೊಬ್ಬರು ಆಗಿಹೋಗಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಆಸ್ತಿಯೂ ಉಳಿದಿರಬೇಕೆಂದು ಲೋಕ ಎಣಿಸುತ್ತದೆ. ವಾಸ್ತವದಲ್ಲಿ ಹಾಗಾಗುವುದು ವಿರಳ. ಬಸವೇಶ್ವರನಗರಕ್ಕೆ ಹೊಂದಿಕೊಂಡಿರುವ ಕಾಮಾಕ್ಷಿಪಾಳ್ಯದಂತಹ ಕಡೆಗಳಲ್ಲಿ ಸಣ್ಣ ಕಾರ್ಖಾನೆಗಳು ಈಗ ಎರಡನೆಯ ತಲೆಮಾರಿನ ಕೈಗೆ ಬರುತ್ತಿವೆ. ತಂದೆ ರೂಪಿಸಿದ ಅಚ್ಚು, ಜಿಗ್ ಅಥವಾ ಯಂತ್ರಭಾಗದಿಂದ ಮಕ್ಕಳಿಗೆ ನ್ಯಾಯವಾಗಿ ದಕ್ಕುವುದೇನು ಎಂಬ ಪ್ರಶ್ನೆ ಆದ್ದರಿಂದ ಬರಿಯ ಕುತೂಹಲದ್ದಲ್ಲ.

ಇದಕ್ಕೆ ದೊಡ್ಡ ನಿದರ್ಶನ ಕನ್ನಡನಾಡಿನಲ್ಲಿಯೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದಲ್ಲಿ ಎಂಜಿನಿಯರರಾಗಿದ್ದಾಗ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟ ಮೀರಿದೊಡನೆ ಇವು ತಾವಾಗಿ ತೆರೆಯುತ್ತವೆ. ಪ್ರವಾಹ ತಗ್ಗಿದೊಡನೆ ತಾವಾಗಿ ಮುಚ್ಚಿಕೊಳ್ಳುತ್ತವೆ. 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಇವನ್ನು ಅಳವಡಿಸಿದಾಗ, ಅಣೆಕಟ್ಟನ್ನು ಎತ್ತರಿಸದೆಯೇ ಸುಮಾರು 8 ಅಡಿಯಷ್ಟು ಹೆಚ್ಚಿನ ನೀರನ್ನು ನಿಲ್ಲಿಸಲು ಸಾಧ್ಯವಾಯಿತು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಇದೇ ವಿಧಾನ ಬಳಕೆಗೆ ಬಂದಿತು. ಅವರು ಪೇಟೆಂಟನ್ನು ಪಡೆದರು, ರಾಯಧನವನ್ನು ಮಾತ್ರ ಒಪ್ಪಲಿಲ್ಲ. ಸರ್ಕಾರಿ ಕರ್ತವ್ಯದಲ್ಲಿದ್ದಾಗ ಮಾಡಿದ ಕೆಲಸಕ್ಕೆ ಸಂಬಳವೇ ಸಾಕೆಂಬುದು ಅವರ ನಿಲುವು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಪ್ರೇರಕರಾಗಿ, ವರ್ತಕರಿಗೆ ಲಾಭದ ಲೆಕ್ಕವನ್ನು ಕಲಿಯಿರೆಂದು ಹೇಳುತ್ತಿದ್ದವರ ಸ್ವಂತ ಲೆಕ್ಕ ಹೀಗಿತ್ತು!

ಅವರು ರಾಯಧನವನ್ನು ಒಪ್ಪಿದ್ದರೆ ಮೋಕ್ಷಗುಂಡಂ ಮನೆತನ ಇಂದಿಗೂ ಸಿರಿವಂತವಾಗಿರುತ್ತಿತ್ತೇ? ಖಂಡಿತ ಇಲ್ಲ. ಬ್ರಿಟಿಷ್ ಭಾರತದ 1888ರ ಕಾಯಿದೆಯಂತೆ ಶೋಧಕರ ವಿಶೇಷ ಹಕ್ಕಿನ ಸಾಮಾನ್ಯ ಅವಧಿ 14 ವರ್ಷ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿ ಮುಗಿಯುವಷ್ಟರಲ್ಲಿ 1930ರ ದಶಕ ಬಂದಿತ್ತು. ಮೈಸೂರು ಸಂಸ್ಥಾನ ಆ ಕಾಯಿದೆಯ ವ್ಯಾಪ್ತಿಯಲ್ಲಿರಲಿಲ್ಲವೆಂಬುದನ್ನು ಬದಿಗಿಟ್ಟರೂ, ಅಷ್ಟರೊಳಗೆ ಆ ಅವಧಿ ತೀರಿಹೋಗಿತ್ತು. ಅಣೆಕಟ್ಟು ನೂರು ವರ್ಷ ಬಾಳಬಹುದು. ಪೇಟೆಂಟಿಗೆ ಅಷ್ಟು ಆಯುಷ್ಯವಿಲ್ಲ.

ಇಂದಿನ ಸ್ಥಿತಿಯೂ ತತ್ತ್ವತಃ ಇದೇ. 1970ರ ಪೇಟೆಂಟ್ ಕಾಯಿದೆಯು, ತರುವಾಯದ ತಿದ್ದುಪಡಿಗಳಂತೆ, ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳ ಹಕ್ಕನ್ನು ಕೊಡುತ್ತದೆ. ಅದೂ ಮೂರನೆಯ ವರ್ಷದಿಂದ ನವೀಕರಣ ಶುಲ್ಕವನ್ನು ತೆರುತ್ತ ಬಂದರೆ ಮಾತ್ರ. ಸಣ್ಣ ತಯಾರಕರು ಎಡವುವುದು ಇದಕ್ಕೂ ಮೊದಲೇ. ಹೊಸ ಸಾಧನವನ್ನು ಒಂದೆರಡು ವರ್ಷ ಮಾರಿ, ಬೇಡಿಕೆಯನ್ನು ನೋಡಿಕೊಂಡು ಅರ್ಜಿ ಹಾಕೋಣವೆಂದರೆ, ಆ ಮಾರಾಟವೇ ಅರ್ಜಿಗೆ ಮುಳುವಾಗುತ್ತದೆ: ಈಗಾಗಲೇ ಬಹಿರಂಗವಾದದ್ದು ಹೊಸತೆನಿಸದು. ಬೇರೆಯವರ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದಾಗ ಕಂಡುಹಿಡಿದದ್ದಾದರೆ ಕರಾರುಪತ್ರದಲ್ಲಿ ಏನಿದೆಯೆಂಬುದನ್ನು ಮೊದಲು ನೋಡಬೇಕು.

ಅವಧಿ ಉಳಿದಿರುವಾಗ ಶೋಧಕರು ತೀರಿಕೊಂಡರೆ ಪೇಟೆಂಟ್ ಚರಾಸ್ತಿಯಂತೆಯೇ ವಾರಸುದಾರರಿಗೆ ಸೇರುತ್ತದೆ. ಅರ್ಜಿ ಸಲ್ಲಿಸುವ ಮುನ್ನವೇ ತೀರಿಕೊಂಡಿದ್ದರೂ ಅವರ ಕಾನೂನುಬದ್ಧ ಪ್ರತಿನಿಧಿ ಅರ್ಜಿ ಸಲ್ಲಿಸಬಹುದು. ಆದರೆ ಅಣ್ಣತಮ್ಮಂದಿರು ಜಂಟಿ ಒಡೆಯರಾದಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ಒಬ್ಬೊಬ್ಬರೂ ಆ ವಸ್ತುವನ್ನು ಸ್ವಂತಕ್ಕೆ ತಯಾರಿಸಿ ಮಾರಬಹುದು, ಉಳಿದವರಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಮೂರನೆಯವರಿಗೆ ಪರವಾನಗಿ ಕೊಡಲು ಮಾತ್ರ ಎಲ್ಲರ ಸಮ್ಮತಿ ಬೇಕು. ಹೊರಗಿನವರಿಗಿಂತ ಮೊದಲು ಮನೆಯೊಳಗೇ ಪೈಪೋಟಿ ಹುಟ್ಟುವುದು ಹೀಗೆ. ಪಾಲುಪತ್ರ ಬರೆಯುವಾಗ ಶೆಡ್ಡು, ಲೇತುಗಳನ್ನು ಎಣಿಸುವವರು ಇದನ್ನು ಮರೆಯುವುದುಂಟು.

ತಲೆಮಾರುಗಳ ತನಕ ಬರಬಲ್ಲದ್ದು ವ್ಯಾಪಾರ ಚಿಹ್ನೆ. 1999ರ ಕಾಯಿದೆಯಂತೆ ಅದರ ನೋಂದಣಿಯನ್ನು 10 ವರ್ಷಕ್ಕೊಮ್ಮೆ ಎಷ್ಟು ಬಾರಿಯಾದರೂ ನವೀಕರಿಸಬಹುದು.

ತಂದೆಯ ಮರಣಾನಂತರ ಶುಲ್ಕ ಕಟ್ಟುವುದು ತಪ್ಪಿ ಪೇಟೆಂಟ್ ರದ್ದಾಗಿದ್ದರೆ, ರದ್ದಾದ ದಿನದಿಂದ 18 ತಿಂಗಳೊಳಗೆ ಪುನಃಸ್ಥಾಪನೆಯನ್ನು ಕೋರಬಹುದು. ಕರ್ನಾಟಕವು ಚೆನ್ನೈಯ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿದ್ದು, ಅರ್ಜಿಗಳನ್ನು ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು.