ಜಕ್ಕಾಯ ಹತ್ತಿದ ಮರ

ಧಾರವಾಡ ಕಡೆಯ ಒಂದು ಸಣ್ಣ ಸಭೆಯಲ್ಲಿ 22 ವರ್ಷಗಳಿಂದ ಸಂಡೇ ಸ್ಕೂಲ್ ಟೀಚರ್ ಆಗಿದ್ದೇನೆ. ಅದರಲ್ಲಿ 14 ವರ್ಷ ಮಕ್ಕಳನ್ನು ಬೈಬಲ್ ಕ್ವಿಜ್‌ಗೆ ತಯಾರು ಮಾಡಿದ್ದೇನೆ. ಮೆತೂಷೆಲಹ ಬದುಕಿದ್ದು ಎಷ್ಟು ವರ್ಷ? 969. ಅತಿ ಉದ್ದದ ಕೀರ್ತನೆ? 119, ಅದರಲ್ಲಿ 176 ವಚನ. ಪ್ರಶ್ನೆ ಮುಗಿಯುವ ಮೊದಲೇ ನಮ್ಮ ಮಕ್ಕಳು ಗಂಟೆ ಒತ್ತುತ್ತಿದ್ದರು. ಆ ಕೆಲಸದಲ್ಲಿ ಕಲಿತದ್ದು, ಬಹುಪಾಲು ತಡವಾಗಿ ಕಲಿತದ್ದು, ಇದು.

1. ದಾರಿ ಹೇಳಿದವರು ಹೊರಡದೇ ಉಳಿಯಬಹುದು

ಕ್ರಿಸ್ತನು ಎಲ್ಲಿ ಹುಟ್ಟಬೇಕು ಎಂದು ಹೆರೋದನು ಕೇಳಿದಾಗ ಮಹಾಯಾಜಕರೂ ಶಾಸ್ತ್ರಿಗಳೂ ತಡವರಿಸಲಿಲ್ಲ. ಯೂದಾಯದ ಬೇತ್ಲೆಹೇಮಿನಲ್ಲಿ ಎಂದರು, ಪ್ರವಾದಿಯ ಗ್ರಂಥದಿಂದ ಆಧಾರವನ್ನೂ ಕೊಟ್ಟರು. ಪೂರ್ತಿ ಅಂಕ. ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಹೆಚ್ಚುಕಡಿಮೆ 9 ಕಿಲೋಮೀಟರ್. ಬೆಳಿಗ್ಗೆ ಎದ್ದು ನಡೆದರೆ ಊಟದ ಹೊತ್ತಿಗೆ ತಲುಪಬಹುದು. ಅವರಲ್ಲಿ ಒಬ್ಬನಾದರೂ ಹೋದನೆಂದು ಮತ್ತಾಯನು ಬರೆದಿಲ್ಲ. ಹೋದವರು ಊರು ಯಾವುದೆಂದು ಕೇಳಬೇಕಾಗಿದ್ದ, ದೂರದಿಂದ ಬಂದ ಜೋಯಿಸರು. ಈ ಭಾಗವನ್ನು ಪ್ರತಿ ಕ್ರಿಸ್‌ಮಸ್‌ಗೂ ಓದುತ್ತಿದ್ದೆ. ನಾನು ಯಾರ ಜೊತೆ ನಿಂತಿದ್ದೇನೆ ಎಂದು ಕೇಳಿಕೊಳ್ಳಲು ಬಹಳ ವರ್ಷ ಬೇಕಾಯಿತು.

2. ಪ್ರಶ್ನೆ ನಮ್ಮ ಕಡೆ ತಿರುಗಿದಾಗ ಓಡಬಾರದು

‘ಯೇಸುವನ್ನು ನೋಡಲು ಜಕ್ಕಾಯ ಹತ್ತಿದ ಮರ ಯಾವುದು?’ ಇದು ನನ್ನ ಮೆಚ್ಚಿನ ಪ್ರಶ್ನೆ. ನಮ್ಮ ಅತ್ತಿಮರದ ಬಳಗದ್ದೇ ಆ ಮರ ಎಂದು ಚಿತ್ರ ತೋರಿಸಿ ವಿವರಿಸುತ್ತಿದ್ದೆ. ಒಂದು ಭಾನುವಾರ ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತ. “ಟೀಚರ್, ಮೋಸಾ ಮಾಡಿದವ್ರಿಗೆ ನಾಕರಷ್ಟು ತಿರುಗಿ ಕೊಡ್ತೀನಿ ಅಂದಾನಲ್ರಿ ಜಕ್ಕಾಯ. ಖರೇನ ಕೊಟ್ಟನೇನ್ರಿ?”

“ಕೊಟ್ಟಿರ್ತಾನಪಾ” ಎಂದು ಮುಂದಿನ ಪ್ರಶ್ನೆಗೆ ಹೋದೆ. ಮನೆಗೆ ನಡೆಯುತ್ತಿದ್ದಾಗ ನಮ್ಮ ಕಾಂಪೌಂಡ್ ಗೋಡೆ ಕಣ್ಣಿಗೆ ಬಿತ್ತು. ಮೂರು ತಿಂಗಳ ಹಿಂದೆ ಕಟ್ಟಿಸಿದ್ದು. ಒಂದು ಮೂಲೆ ಬಿರುಕು ಬಿಟ್ಟಿದೆ ಎಂದು ಗೌಂಡಿಯ 2,400 ರೂಪಾಯಿ ಹಿಡಿದಿಟ್ಟಿದ್ದೆ. ಎರಡು ಸಲ ಬಂದಿದ್ದ. ಮುಂದಿನ ವಾರ ನೋಡೋಣ ಎಂದು ಕಳಿಸಿದ್ದೆ. ನಮ್ಮದು ಎರೆಮಣ್ಣು, ಬೇಸಿಗೆಯಲ್ಲಿ ತಾನೇ ಬಾಯಿ ಬಿಡುತ್ತದೆ. ಅದು ನನಗೆ ಗೊತ್ತಿತ್ತು.

ಆ ರಾತ್ರಿ ಯೆರೆಮೀಯನ 22ನೇ ಅಧ್ಯಾಯ ತೆಗೆದೆ. ಅದೂ ನನ್ನ ಕ್ವಿಜ್ ಪಟ್ಟಿಯಲ್ಲಿತ್ತು: ಅರಸನಾದ ಯೆಹೋಯಾಕೀಮನ ತಂದೆ ಯಾರು? ಯೋಷೀಯ. ತಂದೆ ಮಗನ ಹೆಸರನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟಿದ್ದೆ. ಅಲ್ಲಿ ಮಗನು ದೇವದಾರು ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿಸಿ ಅರಮನೆ ಕಟ್ಟಿಸುತ್ತಾನೆ; ದುಡಿದವರಿಗೆ ಕೂಲಿ ಕೊಡುವುದಿಲ್ಲ. ತಂದೆಯಾದರೋ ಬಡವರ ನ್ಯಾಯ ಎತ್ತಿಹಿಡಿದವನು. ನನ್ನನ್ನು ತಿಳಿಯುವುದೆಂದರೆ ಅದೇ ಅಲ್ಲವೇ ಎಂದು ದೇವರು ಪ್ರವಾದಿಯ ಬಾಯಿಂದ ಕೇಳಿಸುತ್ತಾನೆ. ತಿಳಿಯುವುದಕ್ಕೆ ಹೀಬ್ರೂ ಭಾಷೆಯಲ್ಲಿರುವ ಕ್ರಿಯಾಪದ ‘ಯಾದಾ’. ಆದಾಮನು ತನ್ನ ಹೆಂಡತಿಯನ್ನು ಅರಿತನು ಎನ್ನುವಲ್ಲಿಯೂ ಅದೇ ಪದ. ಬದುಕು ಹಂಚಿಕೊಂಡು ಬರುವ ತಿಳಿವು ಅದು. ಗೌಂಡಿಯ ಕೂಲಿ ಕೈಯಲ್ಲಿ ಹಿಡಿದುಕೊಂಡು ನಾನು ದೇವರನ್ನು ಬಲ್ಲೆ ಎಂದುಕೊಂಡಿದ್ದೆನಲ್ಲ ಎಂದು ಅತ್ತೆ.

ಮರುದಿನ ಸಂಜೆ ಅವನ ಮನೆಗೆ ಹೋಗಿ ಹಣ ಕೊಟ್ಟು, ತಪ್ಪು ನನ್ನದೆಂದು ಹೇಳಿದೆ. ಅವನು ಎಣಿಸಲಿಲ್ಲ. “ಬಿಡ್ರಿ ಅಕ್ಕಾರ, ಆ ಮೂಲಿ ಇನ್ನೊಮ್ಮೆ ನೋಡ್ತೀನಿ” ಎಂದ. ಶನಿವಾರ ಬಂದು ಬಿರುಕು ಮುಚ್ಚಿ ಹೋದ. ನಾಲ್ಕರಷ್ಟು ನಾನು ಕೊಡಲಿಲ್ಲ. ಆ ಲೆಕ್ಕ ಈಗಲೂ ಮನಸ್ಸಿನಲ್ಲಿದೆ.

3. ಸರಿಯುತ್ತರ ದೆವ್ವಗಳಿಗೂ ಗೊತ್ತು

ಇದು ಯಾಕೋಬನ ಪತ್ರಿಕೆಯ ಮಾತಿನ ಸಾರ: ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ. ನಾವು ಕಪ್ ಗೆದ್ದ ವರ್ಷ ನಮ್ಮ ಹುಡುಗರು ಅಯ್ಯನವರ ಪ್ರಸಂಗದಲ್ಲಿ ಅಧ್ಯಾಯದ ಸಂಖ್ಯೆ ತಪ್ಪಿದ್ದನ್ನು ಹಿಡಿದು ನಕ್ಕರು. ಅಂದಿನ ಪ್ರಸಂಗ ಏನಿತ್ತು ಎಂದು ಕೇಳಿದರೆ ಒಬ್ಬರಿಗೂ ನೆನಪಿರಲಿಲ್ಲ. ಅವರಿಗೆ ಹಾಗೆ ಕೇಳಿಸಿಕೊಳ್ಳಲು ಕಲಿಸಿದವಳು ನಾನು.

4. ತುಂಬ ಓದಿದವರ ಬಗ್ಗೆ ತಾಳ್ಮೆ ಇರಲಿ

ಜಾನ್ ವೆಸ್ಲಿ ಆಕ್ಸ್‌ಫರ್ಡಿನ ಪಂಡಿತ. 1728ರಲ್ಲಿ ಗುರುಪಟ್ಟ ಪಡೆದವನು. ಗ್ರೀಕ್ ಹೊಸ ಒಡಂಬಡಿಕೆ ಅವನ ನಿತ್ಯದ ಓದು. ಬೋಧಿಸಲೆಂದು ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದ. 1736ರ ಜನವರಿಯಲ್ಲಿ ಬಿರುಗಾಳಿ ಎದ್ದಾಗ ಅವನಿಗೆ ಸಾವಿನ ಭಯ. ಅದೇ ಹಡಗಿನಲ್ಲಿದ್ದ ಜರ್ಮನ್ ಮೊರೇವಿಯನ್ ವಿಶ್ವಾಸಿಗಳು, ಹೆಂಗಸರು ಮಕ್ಕಳು ಸಮೇತ, ಶಾಂತವಾಗಿ ಹಾಡುತ್ತಿದ್ದರು. ತನಗೆ ಇಲ್ಲದ್ದು ಅವರಿಗಿದೆ ಎಂದು ಅವನು ಕಂಡುಕೊಂಡ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಸಣ್ಣ ಕೂಟವೊಂದರಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಅದನ್ನು ಕೇಳುತ್ತ ಅವನಿಗೆ ಹೊಸದಾಗಿ ಹೊಳೆದ ಸಿದ್ಧಾಂತ ಯಾವುದೂ ಇರಲಿಲ್ಲ. ಕ್ರಿಸ್ತನು ತೆಗೆದುಹಾಕಿದ್ದು ನನ್ನ ಪಾಪವನ್ನು, ನನ್ನದನ್ನೂ, ಎಂಬುದು ಎದೆಗೆ ಇಳಿಯಿತು. ಹತ್ತು ವರ್ಷ ಗುರುವಾಗಿದ್ದವನಿಗೆ ಆ ‘ನನ್ನ’ ಎಂಬ ಪದ ಸಿಕ್ಕಿದ್ದು ಆವತ್ತು.

5. ಆದರೂ ಬಾಯಿಪಾಠ ಬಿಡಬಾರದು

ಇಷ್ಟು ಹೇಳಿದ ಮೇಲೆ ಬಾಯಿಪಾಠವನ್ನು ಹಗುರವಾಗಿ ಕಾಣುವವರೊಡನೆ ನನಗೆ ಜಗಳವಿದೆ. ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದರು. ಓದು ಬರುತ್ತಿರಲಿಲ್ಲ, 23ನೇ ಕೀರ್ತನೆಯನ್ನು ಚಿಕ್ಕಂದಿನಲ್ಲಿ ಕಿವಿಯಿಂದಲೇ ಕಲಿತಿದ್ದರು. ಕೊನೆಯ ವರ್ಷ ಮರೆವು ಎಷ್ಟು ಕವಿದಿತ್ತೆಂದರೆ ಹೆತ್ತ ಮಗಳನ್ನೇ “ಯಾರವ್ವಾ ನೀ?” ಎಂದು ಕೇಳುತ್ತಿದ್ದರು. ನಾನು ಕೀರ್ತನೆಯ ಮೊದಲ ಸಾಲು ಹೇಳಿದೆ. ಉಳಿದದ್ದನ್ನು ಅವರೇ ಹೇಳಿದರು, ಒಂದು ಪದವೂ ಜಾರಲಿಲ್ಲ. ಆ ಕೀರ್ತನೆ ಮೊದಲು ದೇವರನ್ನು ‘ಆತನು’ ಎನ್ನುತ್ತದೆ. ಕತ್ತಲ ಕಣಿವೆಗೆ ಬರುತ್ತಲೇ ‘ನೀನು’ ಎಂದು ಮಾತಾಡಿಸತೊಡಗುತ್ತದೆ. ವರ್ಷಗಟ್ಟಲೆ ಕಲಿಸಿದ ನಾನು ಅದನ್ನು ಗಮನಿಸಿರಲಿಲ್ಲ. ‘ನೀನು’ ಬಂದಾಗ ಅಜ್ಜಿ ನನ್ನ ಕೈ ಬಿಟ್ಟು ಎರಡೂ ಕೈ ಮುಗಿದರು. ಎಂದೋ ಕೂಡಿಟ್ಟ ಅಕ್ಷರಕ್ಕೆ ಜೀವ ಯಾವಾಗ ಬರುತ್ತದೆಂದು ಟೀಚರ್‌ಗೆ ತಿಳಿಯದು. ಕೂಡಿಡಿಸುವ ಕೆಲಸವನ್ನಂತೂ ಮಾಡಬೇಕು.

6. ಅಂಕವಿಲ್ಲದ ಒಂದು ಪ್ರಶ್ನೆ ಇಟ್ಟುಕೊಳ್ಳಿ

ಈಗಲೂ ಕ್ವಿಜ್ ನಡೆಸುತ್ತೇನೆ. ಕೊನೆಯ ಪ್ರಶ್ನೆಗೆ ಮಾತ್ರ ಗಂಟೆಯೂ ಇಲ್ಲ, ಅಂಕವೂ ಇಲ್ಲ. ಹೋದ ತಿಂಗಳು ಪೇತ್ರನ ಬಲೆಯ ಮೀನಿನ ಲೆಕ್ಕ ಬಂತು. 153 ಎಂದು ಎಲ್ಲರೂ ಕೂಗಿದರು. ಆಮೇಲೆ ಇದ್ದಲಿನ ಬೆಂಕಿಯ ಕಥೆ ಹೇಳಿದೆ. ಪೇತ್ರನು ಯೇಸುವನ್ನು ಅರಿಯೆನೆಂದು ಹೇಳಿದ ರಾತ್ರಿಯೂ ಅವನು ಚಳಿ ಕಾಯಿಸಿಕೊಂಡದ್ದು ಇದ್ದಲಿನ ಬೆಂಕಿಯ ಹತ್ತಿರ. ಆ ಮೀನು ಸಿಕ್ಕ ಬೆಳಿಗ್ಗೆ ದಡದಲ್ಲಿ ಯೇಸು ಊಟಕ್ಕೆ ಕರೆದದ್ದೂ ಅಂಥದೇ ಬೆಂಕಿಯ ಪಕ್ಕಕ್ಕೆ. ಮೂರು ಸಲ ಅಲ್ಲಗಳೆದವನನ್ನು, ನನ್ನ ಮೇಲೆ ಪ್ರೀತಿ ಉಂಟೋ ಎಂದು ಮೂರು ಸಲ ಕೇಳಿದನು. “ನಿಮ್ಮನ್ನ ಕೇಳಿದ್ರ?” ಎಂದೆ.

ಯಾವಾಗಲೂ ಮೊದಲು ಗಂಟೆ ಒತ್ತುವ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ಟೀಚರ್, ಇದರ ಉತ್ತರಾ ಮನಿಗೆ ಹೋಗಿ ಹೇಳಬೌದೇನ್ರಿ?”

“ಹೇಳಬೌದವ್ವಾ” ಎಂದೆ.