ಅಣ್ಣತಮ್ಮಂದಿರ ಯುದ್ಧದಲ್ಲಿ ಒಬ್ಬ ದಂಡಾಳು



ಹಳೇಬೀಡಿನ ದಾರಿಯನ್ನು ಹಿಡಿದು ಎಷ್ಟೋ ಸಾರಿ ಹೋಗಿ ಬಂದಿರುವ ನಮ್ಮಲ್ಲಿ ಎಷ್ಟು ಮಂದಿ ಆ ಊರಿನ ಹೆಸರನ್ನು ಬಿಡಿಸಿ ನೋಡಿದ್ದೇವೆ? ಬೀಡು ಅಂದರೆ ದಂಡು ಇಳಿದುಕೊಳ್ಳುವ ಸ್ಥಳ. ಸತ್ಯವೇದದಲ್ಲಿ ನಾವು ಓದುವ ಪಾಳೆಯವೆಂಬ ಮಾತೂ ಇದೇ. ಅರಸನು ನೆಲೆಯಾಗಿ ಇಳಿದಿರುವ ಬೀಡಿಗೆ ಶಾಸನಗಳಲ್ಲಿ ನೆಲೆವೀಡು ಎಂಬ ಹೆಸರುಂಟು. ಹೊಯ್ಸಳರ ಕಾಲದಲ್ಲಿ ದೋರಸಮುದ್ರವೆನಿಸಿಕೊಂಡಿದ್ದ ಪಟ್ಟಣವು ಹಾಳಾದ ಮೇಲೆ ಜನರ ಬಾಯಲ್ಲಿ ಹಳೆಯ ಬೀಡಾಯಿತು. ಅಲ್ಲಿಯ ಮತ್ತು ಬೇಲೂರಿನ ಕಲ್ಲುಕೆಲಸವನ್ನು ಲೋಕವೆಲ್ಲಾ ಹೊಗಳುತ್ತದೆ. 2023ರಲ್ಲಿ ಈ ಗುಡಿಗಳು ಸೋಮನಾಥಪುರದ ಗುಡಿಯೊಂದಿಗೆ ಯುನೆಸ್ಕೋವಿನ ವಿಶ್ವಪರಂಪರೆಯ ಪಟ್ಟಿಗೂ ಸೇರಿದವು. ಆದರೆ ಈ ಪಾಠವು ಶಿಲ್ಪಿಯ ವಿಷಯವಾದದ್ದಲ್ಲ. ಬೀಡಿನಲ್ಲಿ ಮಲಗಿ ಎದ್ದ ಕಾಲಾಳಿನ ವಿಷಯವಾದದ್ದು.

ಮೊದಲು ಯುದ್ಧದ ಕಾರಣವನ್ನು ತಿಳಿದುಕೊಳ್ಳೋಣ. ಹೊಯ್ಸಳ ಸೋಮೇಶ್ವರನು ದೋರಸಮುದ್ರವನ್ನು ಬಿಟ್ಟು ತೆಂಕಣ ದೇಶದಲ್ಲಿ, ಶ್ರೀರಂಗಕ್ಕೆ ಸಮೀಪವಾದ ಕಣ್ಣನೂರಿನಲ್ಲಿ, ನೆಲಸಿದನು. 1254ರ ಸುಮಾರಿಗೆ ರಾಜ್ಯವು ಅವನ ಇಬ್ಬರು ಮಕ್ಕಳಿಗೆ ಪಾಲಾಯಿತು. ಮೂರನೆಯ ನರಸಿಂಹನಿಗೆ ದೋರಸಮುದ್ರವೂ ಕನ್ನಡ ಸೀಮೆಯ ಬಹುಭಾಗವೂ, ರಾಮನಾಥನಿಗೆ ಕಣ್ಣನೂರೂ ತಮಿಳು ಸೀಮೆಯೂ ಅದಕ್ಕೆ ಅಂಟಿದ ಮೂಡಣ ನಾಡೂ ದೊರೆತವು. ಇವರು ಒಬ್ಬ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದವರು. ಹೊಲವನ್ನು ಪಾಲುಮಾಡಿಕೊಂಡ ಮನೆಗಳಲ್ಲಿ ಬದುವಿನ ಜಗಳವು ಹ್ಯಾಗೆ ಹುಟ್ಟುವದೆಂಬದನ್ನು ನಿಮಗೆ ನಾನು ಹೇಳಬೇಕಾದದ್ದಿಲ್ಲ. 1280ರ ಸುಮಾರಿಗೆ ಪಾಂಡ್ಯರ ಒತ್ತಡದಿಂದ ರಾಮನಾಥನು ಕಣ್ಣನೂರನ್ನು ಕಳಕೊಂಡು ಮೇಲಣ ನಾಡಿಗೆ ಬಂದನು. ಅವನು ಬಂದದ್ದು ಅಣ್ಣತಮ್ಮಂದಿರ ಗಡಿಯ ಮೇಲೆಯೇ ಆದ್ದರಿಂದ ಕಲಹವು ವರುಷಗಟ್ಟಳೆ ನಡೆಯಿತು. ಕೋಲಾರ, ಬೆಂಗಳೂರು ಸೀಮೆಗಳಲ್ಲಿ ಅವನ ಶಾಸನಗಳು ದೊರೆತಿವೆ.

ಈಗ ದಂಡಾಳಿನ ಕಡೆಗೆ ಬರೋಣ. ಅರಸೀಕೆರೆಯ ಸುತ್ತಣ ಯಾವದಾದರೂ ಒಂದು ಹಳ್ಳಿಯವನೆಂದು ಅವನನ್ನು ಭಾವಿಸಿಕೊಳ್ಳಿರಿ. ಅವನ ಹೆಸರು ನಮಗೆ ಬೇಡ. ಸೋಮೇಶ್ವರನ ಕಾಲದಲ್ಲಿ ಕಣ್ಣನೂರಿಗೆ ಹೋದ ಅಂಥವನೊಬ್ಬನು ಹಕ್ಕಿಯ ದಾರಿಯಲ್ಲಿ ಎಣಿಸಿದರೂ ಸುಮಾರು 400 ಕಿಲೋಮೀಟರ್ ನಡೆಯಬೇಕಾಗಿತ್ತು. ದಿನಕ್ಕೆ ಒಂದು ಹರದಾರಿ ಎರಡು ಹರದಾರಿಯಂತೆ ಹೇರೆತ್ತುಗಳ ಹಿಂದೆ ನಡೆಯುವ ದಂಡಿಗೆ ಅದು ಒಂದು ತಿಂಗಳಿಗೆ ಕಡಿಮೆಯಾದ ದಾರಿಯಲ್ಲ.

ದಂಡು ಇಳಿಯಬೇಕಾದರೆ ಮೊದಲು ನೀರನ್ನು ನೋಡುತ್ತಾರೆ. ಕೆರೆಯ ಏರಿಯೇ ಬೀಡಿನ ಗೋಡೆ. ಅರಸೀಕೆರೆ ಎಂಬ ಹೆಸರಿನಲ್ಲಿಯೇ ಅರಸಿಯ ಕೆರೆಯಿದೆ, ದೋರಸಮುದ್ರವೆಂಬ ಹೆಸರಿನಲ್ಲಿಯೂ ಸಮುದ್ರದಂಥ ಕೆರೆಯಿದೆ, ಕೆರೆಯಿಲ್ಲದೆ ಬೀಡಿಲ್ಲ. ಹಳೇಬೀಡಿನ ಗುಡಿಯ ತಳಗೋಡೆಯಲ್ಲಿ ಸಾಲಾಗಿ ನಡೆಯುವ ಆನೆಗಳನ್ನೂ ಮೇಲಣ ಸಾಲಿನಲ್ಲಿ ಓಡುವ ರಾವುತರನ್ನೂ ನೀವು ನೋಡಿದ್ದೀರಿ. ಶಿಲ್ಪಿಯು ಅವುಗಳ ಮೇವನ್ನು ಕೆತ್ತಲಿಲ್ಲ. ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಹಸಿಮೇವೂ 100 ಲೀಟರಿಗೆ ಮಿಕ್ಕಿದ ನೀರೂ ಬೇಕು. ಅರಬರ ದೇಶದಿಂದ ಹಡಗಿನಲ್ಲಿ ಪಡುವಣ ಕರಾವಳಿಗೆ ಬಂದಿಳಿಯುತ್ತಿದ್ದ ಕುದುರೆಗಳು ಹೊನ್ನು ಸುರಿದು ಕೊಂಡವುಗಳಾದ್ದರಿಂದ ಅವುಗಳಿಗೆ ಬೇಯಿಸಿದ ಹುರುಳಿ ತಪ್ಪುವಂತಿಲ್ಲ. ಆದಕಾರಣ ಕಾಲಾಳಿನ ದಿನವು ಕತ್ತಿ ಝಳಪಿಸುವದರಲ್ಲಿ ಕಳೆಯುತ್ತಿರಲಿಲ್ಲ. ಸೊಪ್ಪು ಕಡಿಯುವದು, ನೀರು ಹೊರುವದು, ಸೌದೆ ಆರಿಸುವದು, ಮೂರು ಕಲ್ಲಿಟ್ಟು ಗಂಜಿ ಕಾಯಿಸುವದು, ಸರದಿಯಂತೆ ರಾತ್ರಿ ಕಾವಲಿರುವದು ಇವುಗಳಲ್ಲಿಯೇ ಹೆಚ್ಚಾಗಿ ಕಳೆಯಿತು. ಯುದ್ಧವು ವರುಷಕ್ಕೆ ಕೆಲವು ದಿನ. ಕಾಯುವದು ಉಳಿದ ದಿನಗಳೆಲ್ಲಾ. ಕದನದಲ್ಲಿ ಸತ್ತವರ ಜೊತೆಗೆ ಕೆಟ್ಟ ನೀರು ಕುಡಿದು ಹೊಟ್ಟೆ ಕೆಟ್ಟು ಸತ್ತವರನ್ನು ಕೂಡಿಸಿಕೊಳ್ಳಬೇಕು. ಅವರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಮನೆಯ ನೆನಪು ಯಾವಾಗ ಹೆಚ್ಚುತ್ತಿತ್ತು? ಮಳೆಗಾಲದಲ್ಲಿ ಎಂದು ನಾನು ಹೇಳುವೆನು. ನಮ್ಮ ಸೀಮೆಗೆ ಮುಂಗಾರು ಜೂನ್ ತಿಂಗಳಲ್ಲಿ ಬಂದು ರಾಗಿಯ ಹೊಲ ಹದವಾಗುತ್ತದೆ. ತಿರುಚಿನಾಪಳ್ಳಿಯ ಕಡೆಗೆ ದೊಡ್ಡ ಮಳೆ ಬರುವದು ಅಕ್ಟೋಬರ್ ನವೆಂಬರುಗಳಲ್ಲಿ. ಆಷಾಢದಲ್ಲಿ ಅಲ್ಲಿ ಒಣಗಾಳಿಯೂ ಧೂಳೂ ಬೀಸುತ್ತಿರುವಾಗ ನಮ್ಮ ದಂಡಾಳು ಬಡಗಣ ದಿಕ್ಕಿಗೆ ಮುಖಮಾಡಿ, ಈಗ ಊರಿನಲ್ಲಿ ಕುಂಟೆ ಹೊಡೆಯುವವರು ಯಾರು, ಎತ್ತಿನ ಜೊತೆ ಹಿಡಿಯುವವರು ಯಾರು, ಎಂದು ಲೆಕ್ಕಹಾಕದೆ ಇರುವನೋ? ಮುದ್ದೆ ಉಂಡು ಬೆಳೆದವನಿಗೆ ಕಾವೇರಿ ತೀರದ ಅನ್ನವು ಹೊಟ್ಟೆ ತುಂಬಿದರೂ ಉಂಡಂತಾಗದು. ದಾವೀದನು ಬೇತ್ಲೆಹೇಮಿನ ಬಾವಿಯ ನೀರಿಗಾಗಿ ಹಂಬಲಿಸಿದನಷ್ಟೆ. ನೀರು ಬೇರೆ ಕಡೆಯೂ ಇತ್ತು, ಅವನಿಗೆ ಬೇಕಾದದ್ದು ಆ ಬಾವಿಯದು. ಅರಸರಿಗೂ ಈ ಹಂಬಲವಿತ್ತೆಂದು ತೋರುತ್ತದೆ. ಸೋಮೇಶ್ವರನು ಜಂಬುಕೇಶ್ವರದಲ್ಲಿ ತನ್ನ ಅಜ್ಜ ಬಲ್ಲಾಳನ, ತಂದೆ ನರಸಿಂಹನ ಮತ್ತು ಕುಲದ ಸ್ತ್ರೀಯರ ಹೆಸರುಗಳಿಂದ ಲಿಂಗಗಳನ್ನು ಸ್ಥಾಪಿಸಿದನು. ಕಣ್ಣನೂರಿನ ಗುಡಿಗೆ ಹೊಯ್ಸಳೇಶ್ವರವೆಂಬ ತಾಯಿನಾಡಿನ ಗುಡಿಯ ಹೆಸರೇ ಇತ್ತು. ದೊರೆಗೆ ಶಿಲ್ಪಿಗಳಿದ್ದರು, ಕಲ್ಲಿನಲ್ಲಿ ಮನೆಯನ್ನು ನೆನಸಿದನು. ಕಾಲಾಳಿಗೆ ಕಟ್ಟಿಕೊಂಡು ಬಂದ ಬುತ್ತಿಯ ಬಟ್ಟೆಯಷ್ಟೇ.

ಪರರಾಜರ ಯುದ್ಧಕ್ಕೂ ಒಳಯುದ್ಧಕ್ಕೂ ಒಂದು ಭೇದವುಂಟು. 1276ರಲ್ಲಿ ಸೇವುಣರ ದಂಡನಾಯಕನಾದ ಸಾಳುವ ತಿಕ್ಕಮನು ದೋರಸಮುದ್ರದ ಮೇಲೆ ಬಂದು, ಹಳೇಬೀಡಿಗೆ ಸಮೀಪವಾದ ಬೆಳವಾಡಿಯವರೆಗೆ ತಲಪಿದಾಗ, ನರಸಿಂಹನ ದಂಡು ಅವನನ್ನು ಹಿಂದಕ್ಕೆ ಅಟ್ಟಿತು. ಆ ದಿನ ಕಾಲಾಳು ತನ್ನ ಊರನ್ನು ಕಾಯುತ್ತಿದ್ದೇನೆಂದು ಬಲ್ಲನು. ಆದರೆ ರಾಮನಾಥನ ಮೇಲೆ ಹೊರಟಾಗ ಎದುರಿಗಿದ್ದವರೂ ಹೊಯ್ಸಳನ ಜಯವನ್ನೇ ಕೂಗುವವರು. ಅವರ ಬೈಗುಳವೂ ಇವನಿಗೆ ತಿಳಿಯುತ್ತದೆ. ತಂಗಿಯನ್ನು ಕೊಟ್ಟ ಮನೆಯು ಗಡಿಯ ಆಚೆಗಿದ್ದರೆ ಭಾವನು ಯಾವ ಸಾಲಿನಲ್ಲಿ ನಿಂತಿರುವನೋ! ಹಳೇಬೀಡಿನ ಗೋಡೆಯಲ್ಲಿ ಅಭಿಮನ್ಯುವು ಚಕ್ರವ್ಯೂಹವನ್ನು ಹೊಗುವ ಚಿತ್ರವಿದೆ. ದಾಯಾದಿಗಳ ಆ ಕಥೆಯನ್ನು ಅವರು ಕಣ್ಣೆದುರಿಗೇ ಇಟ್ಟುಕೊಂಡಿದ್ದರು. ಇಟ್ಟುಕೊಂಡೂ ಕಾದಿದರು.

ನಿಮ್ಮ ಊರ ಹೊರಗೆ ವೀರಗಲ್ಲು ಇದ್ದರೆ ಈ ಪಾಠವನ್ನು ಅಲ್ಲಿಯೇ ಓದುವದು ಒಳ್ಳೇದು. ಕೆಲವು ಸಭೆಗಳಲ್ಲಿ ಅದನ್ನು ವಿಗ್ರಹವೆಂದು ದೂರ ಸರಿಯುವವರಿದ್ದಾರೆ. ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡವರನ್ನೂ ನಾನು ಕಂಡಿದ್ದೇನೆ. ಎರಡೂ ನನಗೆ ಸರಿಯೆಂದು ತೋರಲಿಲ್ಲ. ಅದು ಸತ್ತ ಮನುಷ್ಯನ ಗುರುತು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಣ ಪಟ್ಟಿಯಲ್ಲಿ ಅವನು ಕಾದುತ್ತಾನೆ. ನಡುವೆ ದೇವಸ್ತ್ರೀಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಣ ಪಟ್ಟಿಯಲ್ಲಿ ಸ್ವರ್ಗ. ಬರಹವಿದ್ದರೆ ಪಟ್ಟಿಗಳ ನಡುವೆ ನೋಡಿರಿ. ತುರುಗಳನ್ನು ಬಿಡಿಸಲು ಹೋಗಿ ಸತ್ತನೋ, ಊರಳಿವಿನಲ್ಲಿ ಸತ್ತನೋ, ದಂಡಿನಲ್ಲಿ ಸತ್ತನೋ ಅದರಿಂದ ತಿಳಿಯಬಹುದು. ಸತ್ತವನ ಮನೆಯವರಿಗೆ ಬಿಟ್ಟ ಹೊಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ಆ ಮಾತಿನಲ್ಲಿ ಅಲಂಕಾರವೇನೂ ಇಲ್ಲ. ಸ್ವರ್ಗವನ್ನು ಕಲ್ಲಿನಲ್ಲಿ ಕೆತ್ತಿದರು, ಹೆಂಡತಿ ಮಕ್ಕಳಿಗೆ ನೆಲವನ್ನು ಅಳೆದರು.

ಹೊಯ್ಸಳೇಶ್ವರದ ಬಳಿಯ ಗರುಡಗಂಬವು ಬೇರೆ ತರದ್ದು. ಇಮ್ಮಡಿ ಬಲ್ಲಾಳನು ತೀರಿಹೋದಾಗ ಅವನ ದಂಡನಾಯಕ ಕುವರ ಲಕ್ಷ್ಮನೂ ಅವನ ಸಂಗಡಿಗರೂ ಕೊಟ್ಟ ಮಾತಿನಂತೆ ಪ್ರಾಣವನ್ನು ಒಪ್ಪಿಸಿದ್ದು ಅದರಲ್ಲಿದೆ. ಸ್ವಂತ ತಲೆಯನ್ನು ಕಡಿದುಕೊಳ್ಳುವ ಆಳುಗಳನ್ನು ಅಲ್ಲಿ ಕೆತ್ತಿದ್ದಾರೆ. ನೋಡುವವರು ಬೆರಗಾಗುತ್ತಾರೆ. ನನಗಾದರೋ ಮನೆಗೆ ಹೋಗಬೇಕೆಂದು ಅತ್ತ ಕಾಲಾಳು ಅವರಿಗಿಂತ ಕೀಳಾದವನೆಂದು ಹೇಳಲು ಬಾಯಿ ಬಾರದು.

ನರಸಿಂಹನು 1292ರಲ್ಲಿಯೂ ರಾಮನಾಥನು 1295ರಲ್ಲಿಯೂ ಸತ್ತರು. ನರಸಿಂಹನ ಮಗನಾದ ಮೂರನೆಯ ಬಲ್ಲಾಳನು 1300ರ ಸುಮಾರಿಗೆ ಎರಡು ಪಾಲನ್ನು ಮತ್ತೆ ಒಂದುಮಾಡಿದನು. ಅಷ್ಟರಲ್ಲಿ ಮಧುರೆಯಲ್ಲಿ ಪಾಂಡ್ಯ ಸಹೋದರರಾದ ಸುಂದರನೂ ವೀರನೂ ಒಬ್ಬರ ಮೇಲೊಬ್ಬರು ಕತ್ತಿ ಎತ್ತಿದರು. ಪರರ ಮನೆಯ ಜಗಳದಲ್ಲಿ ಲಾಭವನ್ನು ಹುಡುಕಿ ಬಲ್ಲಾಳನು ತೆಂಕಣಕ್ಕೆ ದಂಡೆತ್ತಿ ಹೋದನು. ಅವನು ಅಲ್ಲಿರುವಾಗಲೇ, 1311ನೇ ಫೆಬ್ರವರಿಯಲ್ಲಿ, ದೆಹಲಿಯ ಮಲಿಕ್ ಕಾಫರನು ದೋರಸಮುದ್ರದ ಮುಂದೆ ಬಂದು ನಿಂತನು. ಸುದ್ದಿ ಕೇಳಿ ದಂಡು ಹಿಂದಿರುಗಿತು. ಎಷ್ಟೋ ದಿನದಿಂದ ಮನೆಯ ದಾರಿಯನ್ನು ನೆನಸುತ್ತಿದ್ದ ಆಳುಗಳಿಗೆ ಆ ದಾರಿಯಲ್ಲಿ ಓಡಿರೆಂದು ಅಪ್ಪಣೆಯಾಯಿತು. ಬಂದು ನೋಡುವಾಗ ಅವರ ಬೀಡಿನ ಹೊರಗೆ ಮತ್ತೊಬ್ಬರ ಬೀಡು ಇಳಿದಿತ್ತು.